ಚಿಕ್ಕತ್ತೆ ಬಂದ ಮೇಲೆ

ಮಾರ್ಚ್ 3, ಸೋಮವಾರ

ಇವತ್ತಿನಿಂದ ನನಗೆ ಇಬ್ಬರು ಅತ್ತೆಯರು. ಒಬ್ಬರು ಮನೆಯಲ್ಲಿದ್ದಾರೆ, ಮದುವೆಯಾದಾಗಿನಿಂದ ಅಭ್ಯಾಸವಾಗಿದೆ. ಇನ್ನೊಂದು ಬೆಳಿಗ್ಗೆ ರಟ್ಟಿನ ಡಬ್ಬದಲ್ಲಿ ಬಂದು ಆಸ್ಪತ್ರೆಯಲ್ಲಿ ನನ್ನ ಮೇಜಿನ ಮೇಲೆ ಕೂತಿದೆ.

ಹೊಸ ಕಂಪ್ಯೂಟರು. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಬರುವ ಹೆಂಗಸರ ವಯಸ್ಸು, ಹಳೆಯ ರಿಪೋರ್ಟು, ಹೊಸ ರಿಪೋರ್ಟು ಎಲ್ಲವನ್ನೂ ನೋಡಿ, ಯಾರಿಗೆ ಮುಂದೇನು ಮಾಡಬೇಕು, ಯಾರನ್ನು ಮತ್ತೆ ಯಾವಾಗ ಕರೆಯಬೇಕು ಎಂದು ಅದೇ ಹೇಳುತ್ತದಂತೆ. ಹೇಳಲಿ, ಬೇಡ ಅನ್ನಲು ನಾನ್ಯಾರು? ಆದರೆ ಇಷ್ಟು ವರ್ಷ ಈ ಕೋಣೆಯಲ್ಲಿ ಆ ಕೆಲಸ ಮಾಡಿದ ನರ್ಸ್ ನಾನು. ಎಲ್ಲ ನನ್ನ ತಲೆಯಲ್ಲೇ ಇದೆ. ತರಕಾರಿ ಅಂಗಡಿಯಲ್ಲಿ ಎದುರಾದ ಹೆಂಗಸಿನ ಮುಖ ನೋಡಿದರೆ ಸಾಕು, "ನಿಮ್ಮದು ಈ ವರ್ಷ ಬಾಕಿ ಇದೆ" ಎನ್ನಬಲ್ಲೆ. ಅಂದದ್ದೂ ಉಂಟು. ಪಾಪ, ಟೊಮೇಟೊ ಅಲ್ಲೇ ಬಿಟ್ಟು ಓಡಿಹೋದರು.

"ಸಿಸ್ಟರ್, ಇದು ನಿಮ್ಮ ಕೆಲಸ ಹಗುರ ಮಾಡುತ್ತೆ," ಎಂದರು ಹೊಸ ಡಾಕ್ಟರಮ್ಮ. ನನ್ನ ಮಗಳಾಗುವ ವಯಸ್ಸು ಅವರಿಗೆ. ಹಗುರವೋ ಭಾರವೋ, ಮೊದಲ ದಿನವೇ ನನ್ನ ಪ್ರಾಣ ತಿಂದಿತು. ಹಿಂದಿನ ಟೆಸ್ಟ್ ಯಾವಾಗ? ರಿಪೋರ್ಟ್ ಯಾರ ಕೈಗೆ ಕೊಟ್ಟಿರಿ? ಅವರೇ ಬಂದಿದ್ದರೇ? ಉತ್ತರ ಕೊಡದಿದ್ದರೆ ಹೆಸರಿನ ಪಕ್ಕ ಕೆಂಪು ಚುಕ್ಕೆ. ಒಲೆ ಆರಿಸಿದೆಯಾ, ಬಾಗಿಲು ಹಾಕಿದೆಯಾ, ಚಿಲಕ ಸರಿಯಾಗಿ ಕೂತಿತಾ ಎಂದು ಮನೆಯಲ್ಲಿ ಕೇಳಿಸುವ ಧಾಟಿಯೇ ಇದು. ಅದಕ್ಕೇ ಚಿಕ್ಕತ್ತೆ ಎಂದು ಹೆಸರಿಟ್ಟೆ. ಸಂಜೆಯೊಳಗೆ ಇಡೀ ಆಸ್ಪತ್ರೆ ಹಾಗೇ ಕರೆಯತೊಡಗಿತು.

ಮಾರ್ಚ್ 6, ಗುರುವಾರ

ಸಿಕ್ಕಿಬಿದ್ದೆ. ನಾನು ಸ್ನಾನಕ್ಕೆ ಹೋದಾಗ ಡಾಕ್ಟರಮ್ಮ ಫೋನ್ ಮಾಡಿದ್ದಾರೆ, ಅತ್ತೆ ಎತ್ತಿದ್ದಾರೆ. "ಚಿಕ್ಕತ್ತೆ ಬೆಳಿಗ್ಗೆಯಿಂದ ಬಾಯೇ ಬಿಡ್ತಿಲ್ಲ, ಸಿಸ್ಟರ್‌ಗೆ ಬೇಗ ಬರೋಕೆ ಹೇಳಿ" ಎಂದಿದ್ದಾರೆ ಆ ಪುಣ್ಯಾತ್ಗಿತ್ತಿ.

ಒದ್ದೆ ತಲೆಯಲ್ಲಿ ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ. "ಯಾರೇ ಅದು ಚಿಕ್ಕತ್ತೆ? ನನಗೊಬ್ಬಳು ತಂಗಿ ಇರೋದು ನನಗೇ ಗೊತ್ತಿಲ್ವಲ್ಲ!"

ನಿಜ ಹೇಳದೆ ವಿಧಿಯಿರಲಿಲ್ಲ. ಪೂರ್ತಿ ಕೇಳಿಸಿಕೊಂಡರು. ಈಗ ಮನೆ ರಣರಂಗವಾಗುತ್ತದೆ ಎಂದು ನಾನು ಟವೆಲ್ ಬಿಗಿಹಿಡಿದೆ.

"ನನಗಿಂತ ಜೋರಾ?" ಎಂದರು.

"ಇಲ್ಲ ಅತ್ತೆ, ನಿಮ್ಮ ಹತ್ರಕ್ಕೂ ಬರಲ್ಲ."

"ಹಾಗಾದ್ರೆ ಸರಿ," ಎಂದು ಒಳಗೆ ಹೋದರು.

ಆದರೆ ದಿನದ ದೊಡ್ಡ ಸುದ್ದಿ ಇದಲ್ಲ. ನಾದಿನಿ ಮದುವೆಯಾಗುತ್ತಾಳಂತೆ! ನಲವತ್ತನಾಲ್ಕು ವಯಸ್ಸು, ಸಿಟಿ ಬಸ್ಸಿನ ಡ್ರೈವರ್, ಮದುವೆ ಎಂದರೆ ಇಷ್ಟು ದಿನ ಮಾರು ದೂರ ಹಾರುತ್ತಿದ್ದವಳು. ಡ್ಯೂಟಿ ಮುಗಿಸಿ ಬಂದು, ಕೈ ತೊಳೆಯುತ್ತ, ನಲ್ಲಿಗೆ ಹೇಳುವವಳ ಹಾಗೆ, "ಅಮ್ಮಾ, ನಾನು ಮದುವೆ ಆಗ್ತಿದೀನಿ" ಎಂದಳು.

"ಯಾರನ್ನೇ?"

"ಮೊದಲನೇ ಸ್ಟಾಪಿನವರನ್ನ."

ಬೇಕರಿಯವರಂತೆ. ದಿನಾ ಬೆಳಗಿನ ಮೊದಲ ಟ್ರಿಪ್ಪಿಗೆ ಬಿಸಿ ಬ್ರೆಡ್ಡಿನ ಬುಟ್ಟಿ ಹಿಡಿದು ಹತ್ತುತ್ತಾರಂತೆ. ವರ್ಷಗಟ್ಟಲೆ ಬರೀ ನಮಸ್ಕಾರ. ಕಳೆದ ವಾರ ಕೇಳಿದರಂತೆ, ಇವಳು ಹೂಂ ಅಂದಳಂತೆ. ನಮ್ಮವರು ತಂಗಿಯ ಸುದ್ದಿ ಕೇಳಿ ಪೇಪರ್ ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಅವರು ಪೇಪರ್ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಭೂಕಂಪವಾದಾಗ ಮಾತ್ರ. ಮೇ ಕೊನೆಯ ಶನಿವಾರ ರಿಜಿಸ್ಟರ್ ಮದುವೆ. ಅತ್ತೆ ಒಂದು ಗಂಟೆಯಲ್ಲಿ ಮೂರು ಸಲ ಅತ್ತು ನಾಲ್ಕು ಸಲ ನಕ್ಕರು. ಆ ಬೇಕರಿಯವರು ಮಾತಿಗೆ ಬಹಳ ಜಿಪುಣರು ಎಂದು ಕೇಳಿದ್ದೇನೆ. ಇವಳ ಬಾಯಿಗೆ ಸರಿಯಾದ ಜೋಡಿಯೋ ಅಲ್ಲವೋ, ನೋಡಬೇಕು.

ಮಾರ್ಚ್ 12, ಬುಧವಾರ

ಮದುವೆಗೆ ಮೊದಲು ಒಂದು ತಪಾಸಣೆ ಆಗಲಿ ಎಂದು ನಾದಿನಿಯನ್ನು ಗದರಿಸಿ ಕರೆಸಿದೆ. ಯೂನಿಫಾರಮ್ಮಿನಲ್ಲೇ ಬಂದಳು. "ಅತ್ತಿಗೆ, ಎರಡು ಟ್ರಿಪ್ ಮಧ್ಯೆ ಬಂದಿದೀನಿ. ನಿಮ್ಮ ಉಪದೇಶ ಎಲ್ಲ ಮನೇಲಿ, ಇಲ್ಲಿ ಬರೀ ಕೆಲಸ."

ಸ್ಯಾಂಪಲ್ ತೆಗೆದದ್ದು ಎರಡು ನಿಮಿಷ, ಕಳಿಸಲು ಪಟ್ಟ ಪಾಡು ಅರ್ಧ ಗಂಟೆ. ಆಸ್ಪತ್ರೆಯವರ ಮನೆಯ ಹೆಂಗಸರಿಗೆ ನಮ್ಮಲ್ಲಿ ನೋಂದಣಿ, ಸಾಲು, ಚೀಟಿ ಏನೂ ಇಲ್ಲ. ಟ್ಯೂಬಿನ ಮೇಲೆ "ನಮ್ಮವರು" ಎಂದು ಬರೆದರೆ ಲ್ಯಾಬಿನವರಿಗೆ ತಿಳಿಯುತ್ತದೆ. ರಿಪೋರ್ಟು ಕೈಗೆ ಬರುತ್ತದೆ, ಡಾಕ್ಟರು ಕಾರಿಡಾರಿನಲ್ಲಿ ನಡೆಯುತ್ತಲೇ ನೋಡಿ ಹೇಳುತ್ತಾರೆ. ಈ ನೌಕರಿಯಲ್ಲಿ ನಮಗಿರುವ ಸವಲತ್ತು ಅದೊಂದೇ. ಚಿಕ್ಕತ್ತೆಗೆ ಅದೂ ಕಣ್ಣುರಿ. ಹುಟ್ಟಿದ ತಾರೀಖು, ಗುರುತಿನ ನಂಬರು ಕೊಡದೆ ಲೇಬಲ್ ಕೊಡುವುದಿಲ್ಲವಂತೆ. ಲೇಬಲ್ ಇಲ್ಲದ ಟ್ಯೂಬನ್ನು ಲ್ಯಾಬು ಈಗ ಮುಟ್ಟುವುದಿಲ್ಲವಂತೆ.

"ಹಿಂದೆ ಟೆಸ್ಟ್ ಆಗಿದೆಯೇ?" ಎಂದು ಕೇಳಿತು. ನಾದಿನಿ ತಲೆ ಅಲ್ಲಾಡಿಸಿದಳು. ನಾನು "ಇಲ್ಲ" ಒತ್ತಿದೆ. ಅವಳು ಹಾರ್ನ್ ಹೊಡೆಯುವವಳ ಹಾಗೆ ನನ್ನ ಭುಜಕ್ಕೊಂದು ಗುದ್ದಿ ಓಡಿದಳು.

ಮಾರ್ಚ್ 25, ಮಂಗಳವಾರ

ನಾದಿನಿಯ ರಿಪೋರ್ಟು ಬಂತು. ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್ ಇದೆ, ಜೀವಕೋಶಗಳಲ್ಲಿ ವ್ಯತ್ಯಾಸವಿಲ್ಲ.

ರಿಪೋರ್ಟಿನ ಹಾಳೆ ಹಿಡಿದು ಕಾರಿಡಾರಿಗೆ ಓಡಿ ದೊಡ್ಡ ಡಾಕ್ಟರನ್ನು ಹಿಡಿದೆ. ಅವರು ನಡೆಯುತ್ತಲೇ ನೋಡಿದರು. "ವೈರಸ್ ತಾನೆ? ಎಷ್ಟೋ ಜನಕ್ಕೆ ತಾನಾಗೇ ಹೋಗುತ್ತೆ. ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್ ಮಾಡಿ. ಮದುವೆ ಊಟಕ್ಕೆ ನನ್ನ ಮರೀಬೇಡಿ."

ಹೂವಿನಷ್ಟು ಹಗುರಾಗಿ ಮೇಜಿಗೆ ವಾಪಸ್ ಬಂದೆ. ಚಿಕ್ಕತ್ತೆಯ ಮುಖದ ಮೇಲೆ ಕೆಂಪು ಚುಕ್ಕೆ. ನಾವು ಹೇಳಿದ "ಇಲ್ಲ" ಅದು ನಂಬದೆ, ಗುರುತಿನ ನಂಬರು ಹಿಡಿದು ಹಳೆಯದನ್ನು ಹುಡುಕಿತ್ತು. ಎರಡು ವರ್ಷದ ಹಿಂದೆ ಬಸ್ ಡಿಪೋಗೆ ತಪಾಸಣೆಯ ವ್ಯಾನು ಬಂದಿತ್ತಂತೆ. ಅಲ್ಲಿ ನಾದಿನಿಯ ಸ್ಯಾಂಪಲ್ಲೂ ಹೋಗಿದೆ. ಆಗಲೂ ವೈರಸ್ ಇತ್ತು. ಎರಡು ಸಲ ಇದೆ ಎಂದರೆ ಅದು ತಾನಾಗಿ ಹೋಗುತ್ತಿಲ್ಲ, ವರ್ಷ ಕಾಯಬೇಡಿ, ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ಈಗಲೇ ನೋಡಿ ಎನ್ನುತ್ತದೆ.

ಒಂದೇ ಮನೆಯಲ್ಲಿದ್ದೇವೆ. ಒಂದೇ ಒಲೆ. ನನಗೇ ಗೊತ್ತಿರಲಿಲ್ಲ.

ಮಾರ್ಚ್ 26, ಬುಧವಾರ

ಚಿಕ್ಕತ್ತೆಯ ಮಾತು ಬೇಡವೆಂದರೆ ಬೇಡ ಅನ್ನಬಹುದು. ಅದಕ್ಕೊಂದು ಗುಂಡಿ ಇದೆ. ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ಅದನ್ನು ಒತ್ತಿದೆ. ದೊಡ್ಡ ಡಾಕ್ಟರು ವರ್ಷ ಎಂದಿದ್ದಾರೆ, ಮನೆಯಲ್ಲಿ ಮದುವೆ ಇದೆ, ಅವಳು ಸೀಟಿ ಹೊಡೆಯುತ್ತ ಓಡಾಡುತ್ತಿದ್ದಾಳೆ. ಇಂಥ ಹೊತ್ತಿನಲ್ಲಿ ಯಾಕೆ ಈ ರಗಳೆ?

"ಕಾರಣ ಬರೆಯಿರಿ" ಎಂದು ಖಾಲಿ ಜಾಗ ತೋರಿಸಿತು. "ಮನೆಯಲ್ಲಿ ಮದುವೆ ಇದೆ" ಎಂದು ಬರೆದೆ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. "ಇದು ಒಪ್ಪಿಕೊಳ್ಳುತ್ತಾ?" ಎಂದು ಕೇಳಿದೆ.

"ಏನು ಬರೆದ್ರೂ ಒಪ್ಪುತ್ತೆ ಸಿಸ್ಟರ್. ಅದು ಕೇಳೋದು ಅಷ್ಟೆ. ಜವಾಬ್ದಾರಿ ಬರೆದವರದ್ದು."

ಅವರು ಕೋಟು ಹಾಕಿಕೊಳ್ಳಲು ಹೋದರು. ನಾನು ಬರೆದದ್ದನ್ನೇ ಮತ್ತೆ ಮತ್ತೆ ಓದಿದೆ. ಬೇರೆ ಯಾವ ಹೆಂಗಸಾದರೂ ಹೀಗೆ ಹೇಳಿದ್ದರೆ ಅವಳಿಗೆ ಚೆನ್ನಾಗಿ ಬೈದು, ಕೈಹಿಡಿದು ಎಳೆದುಕೊಂಡು ಬರುತ್ತಿದ್ದೆ. ದೊಡ್ಡ ಡಾಕ್ಟರಿಗೆ ನಾನು ತೋರಿಸಿದ್ದು ಒಂದೇ ಹಾಳೆ. ಹಳೆಯದನ್ನು ಅವರು ಕಂಡೇ ಇಲ್ಲ. ಕಾರಿಡಾರಿನಲ್ಲಿ ಹಳೆಯದನ್ನು ನೋಡುವವರು ಯಾರು? ನಮ್ಮವರು ನಮ್ಮವರು ಎಂದು ಮರ್ಯಾದೆ ಕೊಟ್ಟು ನಮ್ಮವರಿಗೆ ಅರ್ಧ ವೈದ್ಯ ಮಾಡುತ್ತ ಬಂದಿದ್ದೇವೆ.

ಬರೆದದ್ದನ್ನು ಅಳಿಸಿದೆ. ದೊಡ್ಡ ಡಾಕ್ಟರನ್ನು ಕೋಣೆಗೇ ಕರೆದು ಕುರ್ಚಿ ಹಾಕಿ ತೋರಿಸಿದೆ. "ಅಯ್ಯೋ, ಇದನ್ನ ಮೊದಲೇ ತೋರಿಸ್ಬಾರ್ದಾ? ಬೇಗ ಕರೆಸಿ," ಎಂದರು.

ಮಾರ್ಚ್ 28, ಶುಕ್ರವಾರ

ಮನೆಯಲ್ಲಿ ಹೇಳಲು ಅತ್ತೆಯ ಕಿವಿ ಬಿಡುವುದಿಲ್ಲ. ಅದಕ್ಕೇ ಅವಳ ಬಸ್ಸಿಗೇ ಹತ್ತಿದೆ. ಕೊನೆಯ ಸ್ಟಾಪಿನಲ್ಲಿ ಎಲ್ಲ ಇಳಿದ ಮೇಲೆ ಹೇಳಿದೆ. ಅವಳು ಸ್ಟೇರಿಂಗ್ ಬಿಡದೆ ಕೇಳಿಸಿಕೊಂಡಳು.

"ಕ್ಯಾನ್ಸರಾ?"

"ಅಲ್ಲ. ಏನೂ ಇಲ್ದೆ ಇರಬಹುದು. ಕ್ಯಾನ್ಸರ್ ಆಗೋಕೆ ಮೊದಲಿನ ಹಂತ ಇರಬಹುದು. ಇದ್ರೆ ಈಗ್ಲೇ ತೆಗೆದುಹಾಕಬಹುದು. ಆ ವ್ಯಾನಿನವರು ನಿನಗೆ ಏನೂ ತಿಳಿಸ್ಲಿಲ್ವಾ?"

"ಆ ಟೆಸ್ಟು ಮಾಡಿಸಿದ್ದೇ ಮರೆತಿತ್ತು. ಏನೋ ಮೆಸೇಜ್ ಬಂದಿತ್ತು. ಸೋಪು ಮಾರೋರು ಅಂದ್ಕೊಂಡು ಅಳಿಸಿದೆ." ಆಮೇಲೆ, "ಜೂನಲ್ಲಿ ಬರ್ತೀನಿ ಅತ್ತಿಗೆ" ಎಂದಳು.

"ಜೂನ್ ಯಾಕೆ, ನಾಳೆ ಬಾ!"

"ಇಷ್ಟು ವಯಸ್ಸಿಗೆ ಒಬ್ಬರು ನನ್ನ ಬೇಕು ಅಂದಿದಾರೆ. ಕೆಟ್ಟ ಸುದ್ದಿ ಬಂದ್ರೆ ನಾನೇ ಅವರನ್ನ ಬೇಡ ಅನ್ನಬೇಕಾಗುತ್ತೆ. ಅವರ ತಲೆ ಮೇಲೆ ಹೇಗೆ ಹೊರಿಸ್ಲಿ? ಎರಡು ತಿಂಗಳು ಖುಷಿಯಾಗಿರೋಕೆ ಬಿಡಿ, ಕೈ ಮುಗೀತೀನಿ."

ಬೈದೆ. ಬೈಯಬಾರದಿತ್ತು. ಅವಳು ಬಾಗಿಲು ತೆರೆದು, "ಕೊನೇ ಸ್ಟಾಪು, ಇಳೀರಿ" ಎಂದಳು.

ಏಪ್ರಿಲ್ 2, ಬುಧವಾರ

ಮಾತಿಲ್ಲ. ಉಪ್ಪು ಬೇಕಾದರೂ ಅತ್ತೆಯ ಮೂಲಕ ಕೇಳುತ್ತಾಳೆ. ಕೆಂಪು ಚುಕ್ಕೆ ಅಲ್ಲೇ ಇದೆ.

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ ಬಟ್ಟೆ ಒಣಗಿಸುವಾಗ ತಡೆಯದೆ ಮತ್ತೆ ಶುರು ಮಾಡಿದೆ. ಅವಳು ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೇಳುತ್ತಿದ್ದವಳು ಅದನ್ನು ತೆಗೆದು, "ಅತ್ತಿಗೆ, ನಿಮ್ಮದು ಯಾವಾಗ ಆಯ್ತು?" ಎಂದಳು.

"ಏನು?"

"ಇದೇ ಟೆಸ್ಟು."

ಆಗಿದೆ ಎಂದು ಬಾಯಿ ತೆರೆದೆ. ಯಾವಾಗ? ಯಾರು ತೆಗೆದರು? ಇಡೀ ಊರಿನವರದ್ದು ತಲೆಯಲ್ಲಿದೆ, ನನ್ನದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸಿಗಲು ಆಗಿದ್ದರೆ ತಾನೆ!

ಅವಳ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಒಂದು ದೊಡ್ಡ ನಗೆ. ವಾರದ ಮೇಲೆ ಕಂಡ ನಗೆ ಅದು. "ಭೇಷ್! ಊರಿಗೆಲ್ಲ ಬೈಯ್ಯೋ ನರ್ಸಮ್ಮ! ಇವತ್ತು ನೀವು ಮಲಗಿ. ನೀವು ಮಲಗಿದ್ರೆ ನಾನೂ ಬಂದು ಮಲಗ್ತೀನಿ. ಮಾತು ಅಂದ್ರೆ ಮಾತು."

ಮಲಗಿದೆ. ಡಾಕ್ಟರಮ್ಮನಿಗೆ ನಗು ತಡೆಯಲಾಗುತ್ತಿಲ್ಲ, ನನಗೆ ನಾಚಿಕೆ ತಡೆಯಲಾಗುತ್ತಿಲ್ಲ. "ಸೀಲಿಂಗ್ ನೋಡಿ, ನಿಧಾನವಾಗಿ ಉಸಿರಾಡಿ" ಎಂದರು, ನನ್ನದೇ ಮಾತು ನನಗೇ. ಸಾವಿರ ಸಲ ಹೇಳಿದ್ದೇನೆ, ಒಂದು ಸಲವೂ ಆ ಸೀಲಿಂಗನ್ನು ಕತ್ತೆತ್ತಿ ನೋಡಿರಲಿಲ್ಲ. ಏನಿದೆ ಅಲ್ಲಿ? ನೀರು ಸೋರಿದ ಒಂದು ಕಲೆ, ಟ್ಯೂಬ್‌ಲೈಟಿನ ಹಿಂದೆ ಸತ್ತ ನೊಣ. ಈ ಭಾಗ್ಯ ನೋಡಿ ಎಂದು ಹೆಂಗಸರಿಗೆ ಹೇಳುತ್ತಿದ್ದೆನಲ್ಲ! ನಾಳೆಯೇ ಒಂದು ಚೆಂದದ ಚಿತ್ರ ತಂದು ಅಂಟಿಸಬೇಕು.

ನೋವೇನೂ ಇಲ್ಲ. ಆದರೆ ತಣ್ಣಗೆ ಇರುತ್ತದೆ, ಅದನ್ನು ಮೊದಲೇ ಹೇಳಬೇಕು. ನಾನು ಹೇಳುತ್ತಿರಲಿಲ್ಲ.

ಹೊರಗೆ ನಾದಿನಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಮುಂದಿನ ವಾರಕ್ಕೆ ಅವಳ ಹೆಸರು ಬರೆಸಿದೆವು.

ಏಪ್ರಿಲ್ 16, ಬುಧವಾರ

ಮಾತಿಗೆ ತಪ್ಪಲಿಲ್ಲ. ಡಾಕ್ಟರಮ್ಮ ಯಂತ್ರದಲ್ಲಿ ನೋಡುತ್ತಿದ್ದಷ್ಟು ಹೊತ್ತೂ ಅವಳು ಗೇರು, ಕ್ಲಚ್ಚು, ಹಳೇ ಬಸ್ಸಿನ ಬ್ರೇಕು ಎಂದು ಒಂದೇ ಸಮ ಮಾತಾಡಿದಳು. ನನ್ನ ಬೆರಳು ಮುರಿಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಒಂದು ಕಡೆ ಬೆಳ್ಳಗೆ ಕಂಡಿದೆ. ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದಾರೆ.

ಮನೆಗೆ ಬಂದರೆ ಅತ್ತೆ ನನ್ನ ಮುಖ ನೋಡಿದರು. ಅವಳಾಗಿ ಹೇಳದೆ ನಾನು ಹೇಳುವ ಹಾಗಿಲ್ಲ, ಅದು ಕೆಲಸದ ಧರ್ಮ. ಅತ್ತೆಗೆ ಅದೂ ಗೊತ್ತು. "ನಿನ್ನ ಆಸ್ಪತ್ರೆ ವಿಷಯ ನಾನು ಕೇಳಲ್ಲ. ಅವಳ ಮದುವೆ ಬಟ್ಟೆ ಹೊಲಿಯೋಕೆ ಕೊಡ್ಲಾ, ಬೇಡ್ವಾ? ಅಷ್ಟು ಹೇಳು."

"ಕೊಡಿ ಅತ್ತೆ," ಎಂದೆ. ಎಲ್ಲಿಂದ ಬಂತೋ ಆ ಧೈರ್ಯ.

ಏಪ್ರಿಲ್ 25, ಶುಕ್ರವಾರ

ಬಯಾಪ್ಸಿ ಬಂತು. ಕ್ಯಾನ್ಸರಿಗೆ ಮೊದಲಿನ ಹಂತ, ಅದರಲ್ಲೂ ಮುಂದುವರಿದದ್ದು. ಆ ಭಾಗವನ್ನು ಪೂರ್ತಿ ತೆಗೆದು ಮತ್ತೆ ಪರೀಕ್ಷಿಸಬೇಕು. ಒಳಗೆಲ್ಲಾದರೂ ಕ್ಯಾನ್ಸರ್ ಅಡಗಿದೆಯೇ ಇಲ್ಲವೇ ಎಂಬುದು ಆಗಲೇ ಗೊತ್ತಾಗುವುದು. ಚಿಕ್ಕತ್ತೆ ದಿನವನ್ನೂ ಸೂಚಿಸಿದ್ದಾರೆ, ಸೋಮವಾರ.

ನಾದಿನಿ ಬೆಳಗಿನ ಟ್ರಿಪ್ಪಿನಲ್ಲೇ ಬೇಕರಿಯವರಿಗೆ ಎಲ್ಲ ಹೇಳಿದಳಂತೆ. ಮದುವೆ ಬೇಡ ಅನ್ನಿಸಿದರೆ ಈಗಲೇ ಹೇಳಿ ಎಂದೂ ಅಂದಳಂತೆ. ಅವರ ಅಂಗಡಿಯ ಸ್ಟಾಪು ಬಂತಂತೆ, ಇಳಿಯಲಿಲ್ಲವಂತೆ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ ಬಂದು, ಇಳಿಯುವಾಗ ಕೇಳಿದರಂತೆ: "ಸೋಮವಾರ ಇಡೀ ದಿನ ಅಂಗಡಿ ಮುಚ್ಚಬೇಕಾ, ಮಧ್ಯಾಹ್ನದವರೆಗೆ ಸಾಕಾ?"

ಇಷ್ಟು ಹೇಳಿ ನಾದಿನಿ ಅಡುಗೆಮನೆಯಲ್ಲಿ ನಿಂತು ಗೊಳೋ ಎಂದು ಅತ್ತಳು. ನಾನೂ ಅತ್ತೆ. ಮನೆಯ ಅತ್ತೆಯೂ ಬಂದು, ಏನೆಂದು ಕೇಳದೆ ಮೊದಲು ಅತ್ತು, ಆಮೇಲೆ ಏನೆಂದು ಕೇಳಿದರು. ಅವಳೇ ಎಲ್ಲ ಹೇಳಿದಳು. ಆ ಬೇಕರಿಯವರು ಬಂಗಾರದಂಥ ಮನುಷ್ಯ. ನಾನು ಮೊದಲಿಂದಲೂ ಹೇಳುತ್ತಿದ್ದೆ.

ಏಪ್ರಿಲ್ 28, ಸೋಮವಾರ

ಆಯಿತು! ಹದಿನೈದು ನಿಮಿಷದ ಕೆಲಸ. ಬೇಕರಿಯವರು ಬನ್ನಿನ ಟ್ರೇ ಹೊತ್ತು ಬಂದು, ಕಾಯುತ್ತಿದ್ದ ಹೆಂಗಸರಿಗೆಲ್ಲ ಮಾತಿಲ್ಲದೆ ಹಂಚಿ, ಮೂಲೆಯ ಕುರ್ಚಿಯಲ್ಲಿ ಕೂತರು. ಒಬ್ಬರೇ ಗಂಡಸು. ಹೆಂಗಸರು ಅವರನ್ನು ಕೆಣಕಿದ್ದೇ ಕೆಣಕಿದ್ದು. ಪಾಪ, ಕಿವಿ ಕೆಂಪಾಗಿತ್ತು, ಎದ್ದು ಮಾತ್ರ ಹೋಗಲಿಲ್ಲ.

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ, "ಒಂದು ತಿಂಗಳು ಭಾರ ಎತ್ತಬಾರದು, ಜೊತೆಗೆ ಮಲಗಬಾರದು" ಎಂದರು. ನಾದಿನಿ ಬೆರಳು ಮಡಿಸಿ ಎಣಿಸಿ, "ಮದುವೆ ಅದಾದ ಮೇಲೇ ಇದೆ, ಸದ್ಯ!" ಎಂದಳು. ಬೇಕರಿಯವರು ಗೋಡೆಯ ಮೇಲಿನ ಪೋಸ್ಟರನ್ನು ಅಕ್ಷರ ಬಿಡದೆ ಓದತೊಡಗಿದರು.

ಮಧ್ಯಾಹ್ನ ಕರೆಂಟು ಹೋಗಿ ಚಿಕ್ಕತ್ತೆ ಕಣ್ಣು ಮುಚ್ಚಿದ್ದರು. ಕರೆಂಟು ಬಂದರೂ ಏಳಲಿಲ್ಲ. ರಿಪೇರಿಯವನಿಗೆ ನಾಲ್ಕು ಸಲ ಫೋನ್ ಮಾಡಿ, "ಅವರಿಗೆ ಏನಾದ್ರೂ ಆದ್ರೆ ನಿನ್ನ ಬಿಡಲ್ಲ" ಎಂದೆ. ಎದ್ದ ಮೇಲೆ ಪರದೆಯ ಧೂಳು ಒರೆಸಿದೆ. ನನ್ನ ರಿಪೋರ್ಟನ್ನೂ ತೋರಿಸಿದರು. ಏನೂ ಇಲ್ಲ. ಮತ್ತೆ ಯಾವಾಗ ಬರಬೇಕೆಂದೂ ಹೇಳಿದ್ದಾರೆ. ಹೋಗುತ್ತೇನೆ, ಇನ್ನೇನು ಮಾಡಲಿ.

ನಾದಿನಿ ಮಾತ್ರ ಹೊರಡುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದಳು. "ಒಳ್ಳೇದೋ ಕೆಟ್ಟದೋ, ನನ್ನ ರಿಪೋರ್ಟು ಬಂದ ತಕ್ಷಣ ಫೋನಲ್ಲೇ ಹೇಳಿ. ಮನೆಗೆ ಬಂದು, ಮುಖ ಸಪ್ಪಗೆ ಮಾಡ್ಕೊಂಡು, ನೀರು ಕುಡಿದು ಹೇಳೋದು ಬೇಡ. ನನ್ನ ಕೈಲಾಗಲ್ಲ."

ಮೇ 5, ಸೋಮವಾರ

ಬಂದಿಲ್ಲ. ನಾದಿನಿ ಡ್ಯೂಟಿಗೆ ಹೋದರೂ ಬಸ್ಸು ಓಡಿಸಲು ಇನ್ನೂ ಬಿಟ್ಟಿಲ್ಲ, ಡಿಪೋದಲ್ಲಿ ಕೂತು ಟಿಕೆಟ್ ಲೆಕ್ಕ ನೋಡುತ್ತಾಳೆ. ಇವತ್ತು ಅವಳು ಸೀಟಿ ಹೊಡೆಯಲಿಲ್ಲ. ಬಟ್ಟೆ ಹೊಲಿದು ಬಂದಿದೆ, ಕಟ್ಟು ಬಿಚ್ಚಿಲ್ಲ.

ಮೇ 8, ಗುರುವಾರ

ಅಕ್ಷರ ಹೇಗಾದರೂ ಬರಲಿ, ಬರೆದೇ ಬಿಡುತ್ತೇನೆ.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಚಿಕ್ಕತ್ತೆ ಕರೆದರು. ರಿಪೋರ್ಟು. ಡಾಕ್ಟರಮ್ಮ ಬಂದು ಮೊದಲಿನಿಂದ ಕೊನೆಯವರೆಗೆ ಕೂತು ಓದಿದರು. ಹಳೆಯದನ್ನೂ ತೆರೆದು ಓದಿದರು. ನಾನು ಅವರ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ. "ಕ್ಯಾನ್ಸರ್ ಇಲ್ಲ ಸಿಸ್ಟರ್. ಅಂಚಿನಲ್ಲೂ ಏನೂ ಉಳಿದಿಲ್ಲ, ಪೂರ್ತಿ ಬಂದಿದೆ. ಆರು ತಿಂಗಳಿಗೆ ಒಂದು ಟೆಸ್ಟು ಮಾಡೋಣ, ಆಮೇಲೂ ಬಿಡದೆ ನೋಡ್ತಾ ಇರೋಣ," ಎಂದರು.

ಡಿಪೋಗೆ ಫೋನ್ ಮಾಡಿದೆ. ಯಾರೋ ಎತ್ತಿ ಅವಳನ್ನು ಕೂಗಿದರು. ಓಡಿಬಂದ ಸದ್ದು ಕೇಳಿಸಿತು.

"ಹೇಳಿ," ಎಂದಳು. ಅತ್ತಿಗೆ ಎನ್ನಲಿಲ್ಲ.

ಹೇಳಿದೆ. ಎರಡು ಸಲ ಹೇಳಿಸಿದಳು. ಆಮೇಲೆ ಸದ್ದೇ ಇಲ್ಲ. "ಇದೀಯೇನೇ? ಏ, ಕೇಳಿಸ್ತಾ?" ಎಂದು ಕೂಗಿದೆ. ಫೋನನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ಓಡಿದ್ದಳಂತೆ, ಆಮೇಲೆ ಹೇಳಿದಳು. ಆದರೆ ನನಗೆ ಆಗ ಕೇಳಿಸಿದ್ದು ಒಂದು ಹಾರ್ನ್. ಉದ್ದಕ್ಕೆ, ಕೈ ತೆಗೆಯದೆ ಹೊಡೆದ ಹಾರ್ನ್. ಒಂದು ಕ್ಷಣ ಬಿಟ್ಟು ಇನ್ನೊಂದು ಬಸ್ಸು ಹೊಡೆಯಿತು. ಇನ್ನೊಂದು. ಯಾಕೆಂದು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ, ಅವಳು ಹೊಡೆದಳೆಂದು ಇವರು, ಇವರು ಹೊಡೆದರೆಂದು ಅವರು. ಇಡೀ ಡಿಪೋ ಹೊಡೆಯುತ್ತಿತ್ತು.

ಫೋನಿನಿಂದ ಹೊರಗೂ ಕೇಳುತ್ತಿದ್ದ ಸದ್ದಿಗೆ, ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸರೆಲ್ಲ ಕತ್ತು ಹೊರಳಿಸಿದರು. "ಏನು ಸಿಸ್ಟರ್ ಅದು ಗಲಾಟೆ?" ಎಂದರು ಒಬ್ಬರು.

"ಬಸ್ಸು," ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

ಎಷ್ಟು ಹೊತ್ತು ಹೊಡೆದರೋ. ಊಟ ಆರಿತು, ಸಾಲು ಬೆಳೆಯಿತು. ನಾನು ಫೋನ್ ಇಡಲಿಲ್ಲ.